ಪ್ರಯೋಗವರದಿಯ ಪ್ರಾಮಾಣ್ಯ

ವಿದ್ಯಾರ್ಥಿಗಳು ಬರೆದ ವಿಜ್ಞಾನ ಪ್ರಯೋಗದ ವರದಿಯನ್ನು ಯಾವ ಯಾವ ಅಂಶಗಳಲ್ಲಿ ಪರಿಶೀಲಿಸಬೇಕು, ಪ್ರತಿಯೊಂದು ಅಂಶದಲ್ಲಿಯೂ ವರದಿಯು ದುರ್ಬಲವಾಗಿದ್ದರೆ ಹೇಗಿರುತ್ತದೆ, ಸಮರ್ಥವಾಗಿದ್ದರೆ ಹೇಗಿರುತ್ತದೆ ಎಂಬುದನ್ನು ಮೊದಲೇ ನಿಶ್ಚಯಿಸಿ ಬರೆದಿಟ್ಟ ಕೋಷ್ಟಕಕ್ಕೆ ಶಿಕ್ಷಣಶಾಸ್ತ್ರದಲ್ಲಿ ರೂಬ್ರಿಕ್ ಅಥವಾ ಮಾನದಂಡ ಪಟ್ಟಿ ಎಂದು ಹೆಸರು. ಕರ್ನಾಟಕದ ಶಾಲೆಗಳಲ್ಲಿ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆ ನಡೆಯುತ್ತಿರುವಾಗಲೇ ಅದನ್ನು ತಿದ್ದುವ ಉದ್ದೇಶದಿಂದ ಮಾಡುವ ಮೌಲ್ಯಮಾಪನ, ಬಳಕೆಗೆ ಬಂದ ಮೇಲೆ ತಾಳೆಪಟ್ಟಿ, ದರ್ಜಾಮಾಪನಿಗಳ ಜೊತೆಗೆ ಈ ಪಟ್ಟಿಯೂ ಅಧ್ಯಾಪಕರಿಗೆ ಪರಿಚಿತವಾಯಿತು. ಮೇಲುನೋಟಕ್ಕೆ ಇದು ಅಂಕ ಹಂಚುವ ಒಂದು ಉಪಕರಣ, ಎಸ್.ಎಸ್.ಎಲ್.ಸಿ.ಯಲ್ಲಿ ವಿಷಯವೊಂದರ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕೂ, ದ್ವಿತೀಯ ಪಿ.ಯು.ಸಿ.ಯ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ 30 ಪ್ರಾಯೋಗಿಕ ಪರೀಕ್ಷೆಗೂ ಮೀಸಲಾಗಿರುವಾಗ ಅಂಥ ಉಪಕರಣದ ಅಗತ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಇದೇ ಪಟ್ಟಿಯಿಂದ ವರದಿಯು ಉತ್ತಮಗೊಳ್ಳುತ್ತದೆ ಎಂದು ಹೇಳಿದ ಕೂಡಲೇ ಮಾತು ಆಡಳಿತದ ಕ್ಷೇತ್ರವನ್ನು ಬಿಟ್ಟು ತತ್ತ್ವಶಾಸ್ತ್ರದ ಕ್ಷೇತ್ರವನ್ನು ಪ್ರವೇಶಿಸುತ್ತದೆ, ಏಕೆಂದರೆ ಆಗ ಉತ್ತರಿಸಬೇಕಾದ ಪ್ರಶ್ನೆ ಬೇರೆ: ವರದಿಯ ಯೋಗ್ಯತೆ ವರದಿಯಲ್ಲಿಯೇ ಇದೆಯೋ, ಅಥವಾ ಹೊರಗಿನ ಅಳತೆಯೊಂದು ಅದಕ್ಕೆ ಯೋಗ್ಯತೆಯನ್ನು ತಂದುಕೊಡುತ್ತದೆಯೋ? ಹೊರಗಿನ ಅಳತೆಯೇ ತಂದುಕೊಡುವುದಾದರೆ ಆ ಅಳತೆಗೆ ಯೋಗ್ಯತೆ ಎಲ್ಲಿಂದ ಬಂತು?

ಭಾರತೀಯ ದರ್ಶನಗಳು ಈ ಪ್ರಶ್ನೆಯನ್ನು ಪ್ರಾಮಾಣ್ಯವಾದ ಎಂಬ ಹೆಸರಿನಲ್ಲಿ ಸಾವಿರ ವರ್ಷಗಳಿಗೂ ಮಿಕ್ಕಿ ಚರ್ಚಿಸಿವೆ. ಜ್ಞಾನವನ್ನು ಹುಟ್ಟಿಸುವ ಸಾಧನ ಪ್ರಮಾಣ. ಹಾಗೆ ಹುಟ್ಟಿದ ಜ್ಞಾನವು ಯಥಾರ್ಥವಾಗಿರುವಿಕೆ ಪ್ರಾಮಾಣ್ಯ. ಈ ಚರ್ಚೆಯನ್ನು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ನೆಲದ ಮೇಲೆ ನಿಂತು ನಡೆಸುವುದಕ್ಕೆ ವಿಶೇಷ ಕಾರಣವಿದೆ. ಶೃಂಗೇರಿಯು ಅದ್ವೈತದ ಪೀಠವಷ್ಟೇ ಅಲ್ಲದೆ, ನ್ಯಾಯ, ಮೀಮಾಂಸೆ, ವೇದಾಂತಗಳ ವಿದ್ವಾಂಸರು ಭಾದ್ರಪದ ಮಾಸದಲ್ಲಿ ಮಹಾಗಣಪತಿ ವಾಕ್ಯಾರ್ಥ ಸಭೆಯಲ್ಲಿ ಎದುರುಬದುರು ಕುಳಿತು ವಾದಿಸುವ ಸ್ಥಳ. ಊರಿನ ಪಕ್ಕದ ಮೆಣಸೆಯಲ್ಲಿರುವ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣದಲ್ಲಿ ನ್ಯಾಯಶಾಸ್ತ್ರವನ್ನೂ ಅಧ್ಯಾಪಕ ಶಿಕ್ಷಣವನ್ನೂ ಒಂದೇ ಸೂರಿನಡಿ ಕಲಿಸಲಾಗುತ್ತದೆ. ಎಡೆಹಳ್ಳಿ ಎಂಬ ಹಳೆಯ ಹೆಸರಿನ ನರಸಿಂಹರಾಜಪುರದಲ್ಲಿ ಜ್ವಾಲಾಮಾಲಿನಿಯ ಬಸದಿಯೂ ಸಿಂಹನಗದ್ದೆಯ ಜೈನಮಠವೂ ಇದ್ದು, ಅನೇಕಾಂತದ ಪರಂಪರೆಯನ್ನು ಉಳಿಸಿಕೊಂಡಿವೆ. ಕೊಪ್ಪದ ಪಾಲು ಪ್ರಯೋಗದ್ದು: ಕಾಫಿಯ ರೋಗಗಳ ಅಧ್ಯಯನಕ್ಕಾಗಿ ಮೈಸೂರು ಸರ್ಕಾರವು 1915ರಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವನ್ನು ತೆರೆದದ್ದು ಅಲ್ಲಿ, ಮತ್ತು 1925ರಲ್ಲಿ ಬಾಳೆಹೊನ್ನೂರಿನ ಸಮೀಪ ಸ್ಥಾಪನೆಯಾಗಿ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆದಿರುವ ಕೇಂದ್ರಕ್ಕೆ ಅದೇ ಪೂರ್ವರೂಪ.

ನ್ಯಾಯದರ್ಶನದ ಪ್ರಕಾರ ಜ್ಞಾನದ ಪ್ರಾಮಾಣ್ಯವು ಪರತಃ, ಅಂದರೆ ಬೇರೊಂದರಿಂದ ಬರುವಂಥದು. ಜ್ಞಾನವು ಹುಟ್ಟುವುದು ಒಂದು ಸಾಮಗ್ರಿಯಿಂದ, ಅದು ಯಥಾರ್ಥವಾಗುವುದು ಆ ಸಾಮಗ್ರಿಯಲ್ಲಿ ಗುಣವೆಂಬ ಹೆಚ್ಚಿನ ಅಂಶವೊಂದು ಸೇರಿದಾಗ, ಮತ್ತು ಅದು ಯಥಾರ್ಥವೆಂದು ತಿಳಿಯುವುದು ಅದನ್ನು ನಂಬಿ ಮಾಡಿದ ಕಾರ್ಯವು ಫಲಿಸಿದಾಗ. ದೂರದಲ್ಲಿ ನೀರು ಕಂಡವನು ಹತ್ತಿರ ಹೋಗಿ ಕುಡಿದು ಬಾಯಾರಿಕೆ ತೀರಿಸಿಕೊಂಡ ಬಳಿಕವೇ ಕಂಡದ್ದು ನೀರೆಂಬ ನಿಶ್ಚಯವಾಗುತ್ತದೆ. ಮೀಮಾಂಸಕರು ಇದನ್ನು ಒಪ್ಪುವುದಿಲ್ಲ. ಪ್ರತಿಯೊಂದು ಜ್ಞಾನವನ್ನೂ ಇನ್ನೊಂದು ಜ್ಞಾನವು ದೃಢಪಡಿಸಬೇಕಾದರೆ ಆ ಇನ್ನೊಂದನ್ನು ಮತ್ತೊಂದು ದೃಢಪಡಿಸಬೇಕಾಗಿ, ಎಲ್ಲಿಯೂ ನಿಲ್ಲದ ಸರಣಿಯೊಂದು, ಶಾಸ್ತ್ರದ ಮಾತಿನಲ್ಲಿ ಅನವಸ್ಥೆ, ಉಂಟಾಗುತ್ತದೆಯೆಂಬುದು ಅವರ ಆಕ್ಷೇಪ. ಆದ್ದರಿಂದ ಜ್ಞಾನವು ಸ್ವತಃ ಪ್ರಮಾಣ. ಅಪ್ರಾಮಾಣ್ಯ ಮಾತ್ರ ಹೊರಗಿನಿಂದ ತಿಳಿಯತಕ್ಕದ್ದು, ಅದೂ ಎರಡೇ ಬಗೆಯಲ್ಲಿ: ಜ್ಞಾನವನ್ನು ಹುಟ್ಟಿಸಿದ ಕಾರಣದಲ್ಲಿ ದೋಷವಿತ್ತೆಂದು ಗೊತ್ತಾಗುವುದರಿಂದ, ಇಲ್ಲವೆ ಅದಕ್ಕೆ ವಿರುದ್ಧವಾದ ಬಲವತ್ತರ ಜ್ಞಾನವೊಂದು ಬಂದು ಅದನ್ನು ಬಾಧಿಸುವುದರಿಂದ. ಅದ್ವೈತಿಗಳೂ ಸ್ವತಃಪ್ರಾಮಾಣ್ಯವನ್ನೇ ಅಂಗೀಕರಿಸಿದರು, ಆದರೆ 17ನೆಯ ಶತಮಾನದ ಧರ್ಮರಾಜಾಧ್ವರೀಂದ್ರನು ವೇದಾಂತಪರಿಭಾಷೆಯಲ್ಲಿ ಒಂದು ಸೂಕ್ಷ್ಮವನ್ನು ಸ್ಪಷ್ಟಪಡಿಸಿದ್ದಾನೆ: ಯಥಾರ್ಥಜ್ಞಾನಕ್ಕೆ ದೋಷವಿಲ್ಲದಿರುವಿಕೆ ಬೇಕೆಂದ ಮಾತ್ರಕ್ಕೆ ಪ್ರಾಮಾಣ್ಯವು ಪರತಃ ಎಂದಾಗುವುದಿಲ್ಲ, ಏಕೆಂದರೆ ಹೊರಗಿನಿಂದ ಬಂದು ಸೇರುವ ಭಾವರೂಪದ ಕಾರಣವೊಂದು ಬೇಕಾದಾಗ ಮಾತ್ರ ಹಾಗೆ ಹೇಳಬಹುದು.

ಈ ಸೂಕ್ಷ್ಮವು ಮಾನದಂಡ ಪಟ್ಟಿಯ ವಿಷಯದಲ್ಲಿ ಎಷ್ಟು ಪ್ರಯೋಜನಕಾರಿ ಎಂಬುದನ್ನು ಮಲೆನಾಡಿನ ಒಂದು ಪ್ರಯೋಗವನ್ನೇ ತೆಗೆದುಕೊಂಡು ನೋಡಬಹುದು. ಅಡಿಕೆಯ ಕೊಳೆರೋಗಕ್ಕೆ ತೋಟಗಳಲ್ಲಿ ಸಿಂಪಡಿಸುವ ಬೋರ್ಡೋ ದ್ರಾವಣವನ್ನು 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಪ್ರಮಾಣದಲ್ಲಿ ತಯಾರಿಸುತ್ತಾರೆ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯುತ್ತಾರೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಧ್ಯಯನ ಮಾಡಿ ಈ ದ್ರಾವಣವನ್ನು ಶಿಫಾರಸು ಮಾಡುವವರೆಗೆ, ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ಬೆಳೆಗಾರರಿಗೆ ತಿಳಿದಿದ್ದ ಉಪಾಯವಾಗಿತ್ತು. ದ್ರಾವಣವು ಹದವಾಗಿದೆಯೋ ಇಲ್ಲವೋ ಎಂದು ನೋಡಲು ಹೊಳಪುಳ್ಳ ಕಬ್ಬಿಣದ ಚಾಕುವನ್ನೋ ಕತ್ತಿಯನ್ನೋ ಸುಮಾರು ಒಂದು ನಿಮಿಷ ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣದೊಡನೆ ಕೂಡಿಕೊಳ್ಳದ ತಾಮ್ರವು ದ್ರಾವಣದಲ್ಲಿ ಉಳಿದಿದೆಯೆಂದೂ, ಅದು ಎಲೆ ಮತ್ತು ಎಳೆಯ ಕಾಯಿಗಳನ್ನು ಸುಡಬಹುದೆಂದೂ ಅರ್ಥ. ಆಗ ಇನ್ನಷ್ಟು ಸುಣ್ಣದ ತಿಳಿ ಸೇರಿಸುತ್ತಾರೆ. ಹತ್ತನೆಯ ತರಗತಿಯ ವಿಜ್ಞಾನ ಪಠ್ಯದಲ್ಲಿ ತಾಮ್ರದ ಸಲ್ಫೇಟಿನ ದ್ರಾವಣಕ್ಕೆ ಕಬ್ಬಿಣದ ಮೊಳೆ ಹಾಕಿ ತೋರಿಸುವ ಸ್ಥಾನಪಲ್ಲಟ ಕ್ರಿಯೆ, ಎಂದರೆ ಹೆಚ್ಚು ಕ್ರಿಯಾಶೀಲವಾದ ಲೋಹವು ಕಡಿಮೆ ಕ್ರಿಯಾಶೀಲ ಲೋಹವನ್ನು ದ್ರಾವಣದಿಂದ ಹೊರಹಾಕುವ ಕ್ರಿಯೆ, ತೋಟದಲ್ಲಿ ನಡೆಯುವುದೂ ಇದೇ.

ಈ ಪರೀಕ್ಷೆಯ ಬಗ್ಗೆ ವಿದ್ಯಾರ್ಥಿಯೊಬ್ಬರು ಬರೆದ ವರದಿಯ ತಿರುಳು ಎರಡೇ ವಾಕ್ಯಗಳಲ್ಲಿದೆ ಎಂದು ಭಾವಿಸೋಣ: ಚಾಕುವನ್ನು ಅದ್ದಿದಾಗ ಅದು ಕೆಂಪಾಯಿತು, ಆದ್ದರಿಂದ ದ್ರಾವಣದಲ್ಲಿ ಸುಣ್ಣ ಕಡಿಮೆಯಿದೆ. ಮೀಮಾಂಸಕನ ದೃಷ್ಟಿಯಲ್ಲಿ ಮೊದಲ ವಾಕ್ಯವು ಹೇಳಿದ ಕ್ಷಣದಲ್ಲಿಯೇ ಪ್ರಮಾಣ. ಕಂಡದ್ದನ್ನು ಕಂಡೆನೆಂದು ಹೇಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಆದರೆ ಕಾರಣದೋಷವನ್ನು ಹುಡುಕುವ ಹಕ್ಕು ಓದುಗನಿಗೆ ಇದ್ದೇ ಇದೆ: ಚಾಕು ಮೊದಲೇ ತುಕ್ಕು ಹಿಡಿದಿತ್ತೇ, ಅದನ್ನು ಉಜ್ಜಿ ಹೊಳಪು ಮಾಡಲಾಗಿತ್ತೇ, ಎಷ್ಟು ಹೊತ್ತು ಅದ್ದಲಾಯಿತು, ಕೆಂಪು ಬಣ್ಣವು ಲೇಪವೋ ಕಲೆಯೋ, ಒರೆಸಿದರೆ ಹೋಯಿತೇ? ಈ ಪ್ರಶ್ನೆಗಳಲ್ಲಿ ಯಾವುದೂ ವರದಿಗೆ ಹೊಸದೊಂದು ಗುಣವನ್ನು ತಂದು ಸೇರಿಸುವುದಿಲ್ಲ. ಒಂದೊಂದೂ ಒಂದೊಂದು ದೋಷದ ಶಂಕೆಯನ್ನು ತೆಗೆದುಹಾಕುತ್ತದೆ. ಆದುದರಿಂದ ವೀಕ್ಷಣೆಯ ಸಾಲಿನಲ್ಲಿ ಸಾಮಾನ್ಯ, ಉತ್ತಮ, ಅತ್ಯುತ್ತಮ ಎಂಬ ಮೂರು ವಿಶೇಷಣಗಳನ್ನು ಬರೆದಿಟ್ಟ ಪಟ್ಟಿಯು ಅಧ್ಯಾಪಕರಿಗೆ ಅಂಕ ಹಾಕಲು ಸಹಾಯ ಮಾಡೀತೇ ಹೊರತು ವಿದ್ಯಾರ್ಥಿಗೆ ಏನನ್ನೂ ತಿಳಿಸದು, ಏಕೆಂದರೆ ಅತ್ಯುತ್ತಮ ಎಂಬುದು ನೈಯಾಯಿಕನ ಗುಣದಂತೆ ಎಲ್ಲಿಂದಲೋ ಬಂದು ಸೇರಬೇಕಾದ ವಸ್ತುವಾಗಿ ಉಳಿಯುತ್ತದೆ. ಅದೇ ಸಾಲಿನಲ್ಲಿ, ಬಳಸಿದ ಉಪಕರಣದ ಪೂರ್ವಸ್ಥಿತಿ ಹೇಳಿಲ್ಲ, ಹೇಳಿದೆ ಆದರೆ ಕಾಲಾವಧಿ ಇಲ್ಲ, ಎರಡೂ ಇದ್ದು ಬೇರೆಯವರು ಇದೇ ಪ್ರಯೋಗವನ್ನು ಮರಳಿ ಮಾಡಬಹುದಾಗಿದೆ ಎಂದು ಬರೆದರೆ ಪಟ್ಟಿಯು ದೋಷಜ್ಞಾನದ ಸಾಧನವಾಗಿ ಪರಿಣಮಿಸುತ್ತದೆ. ಹಾಗಾದಾಗ ವರದಿಯ ಪ್ರಾಮಾಣ್ಯವನ್ನು ಪಟ್ಟಿ ಕೊಟ್ಟಿತೆಂದು ಹೇಳುವ ಅಗತ್ಯವೂ ಇಲ್ಲ, ಪಟ್ಟಿಯನ್ನು ನಿರರ್ಥಕವೆಂದು ತಳ್ಳುವ ಅಗತ್ಯವೂ ಇಲ್ಲ.

ನೈಯಾಯಿಕನಿಗೆ ಇಲ್ಲಿ ಒಂದು ಉತ್ತರವಿದೆ, ಮತ್ತು ಅದನ್ನು ಕೇಳದೆ ಮುಂದುವರಿಯುವುದು ನ್ಯಾಯವಲ್ಲ. ಕಂಡವನಿಗೆ ಕಂಡದ್ದರ ಬಗ್ಗೆ ಸಂಶಯವಿಲ್ಲದಿರಬಹುದು, ಆದರೆ ವರದಿಯೆಂಬುದು ಕಂಡವನಿಗಾಗಿ ಬರೆದದ್ದೇ ಅಲ್ಲ. ನ್ಯಾಯಶಾಸ್ತ್ರವು ಅನುಮಾನವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದನ್ನು, ಸ್ವಾರ್ಥ ಮತ್ತು ಪರಾರ್ಥ ಎಂದು ಎರಡಾಗಿ ವಿಭಾಗಿಸುತ್ತದೆ. ತನ್ನ ಮಟ್ಟಿಗೆ ಮಾಡಿಕೊಂಡ ಊಹೆ ಸ್ವಾರ್ಥ, ಇನ್ನೊಬ್ಬನಿಗೆ ಮನದಟ್ಟು ಮಾಡಲು ಕ್ರಮವಾಗಿ ಮಂಡಿಸಿದ್ದು ಪರಾರ್ಥ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅವಯವಗಳು ಹುಟ್ಟಿದ್ದು ಈ ಎರಡನೆಯದಕ್ಕಾಗಿ. ಪ್ರಯೋಗವರದಿಯ ಉದ್ದೇಶ, ವಿಧಾನ, ಫಲಿತ, ತೀರ್ಮಾನ ಎಂಬ ವಿಭಾಗಗಳನ್ನು ಈ ಐದರೊಡನೆ ಒಂದಕ್ಕೊಂದು ಹೊಂದಿಸಿ ತೋರಿಸುವ ಉತ್ಸಾಹ ಕೆಲವರಲ್ಲಿ ಕಾಣುತ್ತದೆಯಾದರೂ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪ್ರಯೋಜನವಿರುವುದು ಪರಾರ್ಥವೆಂಬ ಕಲ್ಪನೆಯಲ್ಲಿಯೇ. ಓದುಗನು ಪ್ರಯೋಗಶಾಲೆಯಲ್ಲಿ ಇರಲಿಲ್ಲ, ಅವನ ಸಂಶಯ ಪ್ರಾಮಾಣಿಕವಾದದ್ದು, ಆ ಸಂಶಯವನ್ನು ಬರೆಯುವವನೇ ಮುಂದಾಗಿ ಊಹಿಸಿ ಪರಿಹರಿಸಬೇಕು. ಇಷ್ಟರ ಮಟ್ಟಿಗೆ ನ್ಯಾಯದ ಪಕ್ಷವು ಸರಿ. ಆದರೂ ಸಂಶಯಕ್ಕೆ ಒಂದು ಮಿತಿ ಬೇಕೆಂಬುದನ್ನು ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಹೇಳಿದ್ದಾನೆ: ಒಂದು ಜ್ಞಾನವನ್ನು ಇನ್ನೊಂದು ಬಾಧಿಸಿ, ಅದನ್ನು ಮತ್ತೊಂದು ಪರೀಕ್ಷಿಸಿ, ಹೀಗೆ ಮೂರು ನಾಲ್ಕು ಜ್ಞಾನಗಳಾಗುವಷ್ಟರಲ್ಲಿ ವಿಷಯವು ನಿರ್ಣಯವಾಗುತ್ತದೆ, ಅದಕ್ಕಿಂತ ಮುಂದೆ ಹೋಗುವ ಶಂಕೆ ನಿಷ್ಕಾರಣವಾದದ್ದು. ವರದಿಯ ಕರಡನ್ನು ಪಟ್ಟಿಯೊಡನೆ ತಾಳೆನೋಡಿ ತಿದ್ದುವ ಕೆಲಸವನ್ನು ಎಷ್ಟು ಸಲ ಮಾಡಿಸಬೇಕೆಂದು ಕೇಳುವ ಅಧ್ಯಾಪಕರಿಗೆ ಇದಕ್ಕಿಂತ ವಿವೇಕದ ಉತ್ತರ ಸಿಗುವುದು ಕಷ್ಟ.

ಎರಡನೆಯ ವಾಕ್ಯದ ಗತಿ ಬೇರೆ. ಕೆಂಪು ಲೇಪವಿದೆ, ಆದ್ದರಿಂದ ಸುಣ್ಣ ಕಡಿಮೆ ಎಂಬುದು ವೀಕ್ಷಣೆಯಲ್ಲ, ಅನುಮಾನ. ಅನುಮಾನಕ್ಕೆ ಹೇತುವಾಗಿ ನಿಂತದ್ದು ನಿಜವಾದ ಹೇತುವೋ, ಹೇತುವಿನಂತೆ ತೋರುವ ಹೇತ್ವಾಭಾಸವೋ ಎಂಬ ಪರೀಕ್ಷೆ ಅನಿವಾರ್ಯ. ಕೆಂಪು ಬಣ್ಣ ತುಕ್ಕಿನಲ್ಲಿಯೂ ಉಂಟು, ಆದ್ದರಿಂದ ಬಣ್ಣ ಮಾತ್ರವೇ ಹೇತುವಾದರೆ ಅದು ಸವ್ಯಭಿಚಾರ, ಅಂದರೆ ಸಾಧಿಸಬೇಕಾದ ಸಂಗತಿ ಇಲ್ಲದ ಕಡೆಯಲ್ಲಿಯೂ ಕಾಣಿಸಿಕೊಳ್ಳುವ ಹೇತು. ಇದನ್ನು ನಿವಾರಿಸಲು ಅನ್ವಯ ಮತ್ತು ವ್ಯತಿರೇಕ ಎಂಬ ಎರಡು ದಾರಿಗಳನ್ನು ಜೊತೆಗೆ ಹಿಡಿಯಬೇಕು. ಒಂದಿದ್ದಾಗ ಇನ್ನೊಂದು ಇರುವುದು ಅನ್ವಯ, ಒಂದಿಲ್ಲದಾಗ ಇನ್ನೊಂದು ಇಲ್ಲದಿರುವುದು ವ್ಯತಿರೇಕ. ಶೃಂಗೇರಿ ಪೀಠದ ವಿದ್ಯಾರಣ್ಯರು ಪಂಚದಶಿಯ ಮೊದಲ ಪ್ರಕರಣದಲ್ಲಿ ಆತ್ಮವನ್ನು ಕೋಶಗಳಿಂದ ಬೇರ್ಪಡಿಸಿ ತಿಳಿಯಲು ಈ ಕ್ರಮವನ್ನೇ ಬಳಸಿದ್ದಾರೆ. ಚಾಕುವಿನ ಪ್ರಯೋಗದಲ್ಲಿ ಇದರ ರೂಪ ಸರಳ: ಒಂದೇ ಬಗೆಯಾಗಿ ಉಜ್ಜಿದ ಮೂರು ಅಲಗುಗಳನ್ನು ಬರಿಯ ಮೈಲುತುತ್ತದ ನೀರು, ಬರಿಯ ಸುಣ್ಣದ ನೀರು, ತಯಾರಾದ ದ್ರಾವಣ ಈ ಮೂರರಲ್ಲಿ ಒಂದೇ ಅವಧಿಗೆ ಅದ್ದುವುದು. ಸುಣ್ಣದ ನೀರಿನಂಥ ಕ್ಷಾರೀಯ ದ್ರವದಲ್ಲಿ ಕಬ್ಬಿಣವು ಬೇಗನೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಅಲ್ಲಿ ಅಲಗು ಹಾಗೆಯೇ ಉಳಿದು, ಮೈಲುತುತ್ತದಲ್ಲಿ ಕೆಂಪಾದರೆ, ಮೂರನೆಯದರ ಬಣ್ಣಕ್ಕೆ ತಾಮ್ರವೇ ಕಾರಣವೆಂದು ಹೇಳಲು ಆಧಾರ ಸಿಗುತ್ತದೆ. ಪಟ್ಟಿಯಲ್ಲಿ ಹೋಲಿಕೆಗೊಂದು ಸಾಲು ಇದ್ದುದಾದರೆ ವಿದ್ಯಾರ್ಥಿಗೆ ಇದು ಪ್ರಯೋಗ ಮುಗಿದ ಮೇಲಲ್ಲ, ಪ್ರಯೋಗಕ್ಕೆ ಮೊದಲೇ ಹೊಳೆಯುತ್ತಿತ್ತು. ಪಟ್ಟಿಯನ್ನು ಪ್ರಯೋಗಕ್ಕೆ ಮುಂಚೆ ಕೊಡುವುದಕ್ಕೂ ವರದಿ ಒಪ್ಪಿಸಿದ ಮೇಲೆ ಅಂಕದೊಡನೆ ಕೊಡುವುದಕ್ಕೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು.

ಇಷ್ಟಾದರೂ ತೀರ್ಮಾನದಲ್ಲಿ ಒಂದು ಬಿರುಕು ಉಳಿಯುತ್ತದೆ. ಸುಣ್ಣದ ತೂಕ ಸರಿಯಾಗಿಯೇ ಇದ್ದು, ಗಾಳಿಗೆ ತೆರೆದಿಟ್ಟ ಹಳೆಯ ಸುಣ್ಣವಾದ್ದರಿಂದ ಅದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಟ್ಟು ಶಕ್ತಿ ಕಳೆದುಕೊಂಡಿದ್ದರೂ ಚಾಕು ಕೆಂಪಾಗುತ್ತದೆ. ನೈಯಾಯಿಕರು ಇಂಥ ಸಂದರ್ಭಕ್ಕೆ ಉಪಾಧಿ ಎಂಬ ಶಬ್ದವನ್ನು ಇಟ್ಟಿದ್ದಾರೆ. ಬೆಂಕಿಯಿರುವಲ್ಲೆಲ್ಲ ಹೊಗೆಯಿರುತ್ತದೆ ಎಂಬ ಅನುಮಾನ ತಪ್ಪಾಗುವುದು ಹಸಿಸೌದೆಯೆಂಬ ಷರತ್ತನ್ನು ಅದು ಮರೆತದ್ದರಿಂದ. ಹಸಿಸೌದೆಯೇ ಅಲ್ಲಿ ಉಪಾಧಿ. ಸುಣ್ಣದ ತೂಕದ ಬಗೆಗಿನ ಅನುಮಾನವು ಸುಣ್ಣದ ಹೊಸತನವೆಂಬ ಷರತ್ತನ್ನು ಮರೆತಿದೆ. ಆಧುನಿಕ ವಿಜ್ಞಾನಶಿಕ್ಷಣವು ನಿಯಂತ್ರಿಸಬೇಕಾದ ಚರಾಂಶ ಎಂದು ಹೇಳುವುದನ್ನು ಉಪಾಧಿಯ ಚರ್ಚೆಯು ಬಹುಮಟ್ಟಿಗೆ ಒಳಗೊಳ್ಳುತ್ತದೆಯೆಂದು ಹೇಳಿದರೆ, ಎಲ್ಲವೂ ಪೂರ್ವಿಕರಿಗೆ ಗೊತ್ತಿತ್ತೆಂಬ ಅಗ್ಗದ ಹೆಮ್ಮೆಗೆ ಅದು ಸಮರ್ಥನೆಯಾಗಬಾರದು; ಉಪಾಧಿಯನ್ನು ಗುರುತಿಸಿದ ವಿದ್ವಾಂಸರು ಸೌದೆಯನ್ನು ತೂಗಿ ಪ್ರಯೋಗ ಮಾಡಿದವರಲ್ಲ.

ಈಗ ಪಟ್ಟಿಯನ್ನೇ ಪರೀಕ್ಷೆಗೆ ಒಳಪಡಿಸಬೇಕು. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಶಾಸ್ತ್ರದ ಪ್ರವೃತ್ತಿಯನ್ನು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರು ಹಂತಗಳಲ್ಲಿ ವಿವರಿಸಿದ್ದಾನೆ: ವಸ್ತುವನ್ನು ಹೆಸರಿಸುವುದು, ಅದನ್ನು ಬೇರೆಯವುಗಳಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು, ಆ ಧರ್ಮವು ನಿಜವಾಗಿ ಹೊಂದುತ್ತದೆಯೇ ಎಂದು ವಿಚಾರಿಸುವುದು. ಮಾನದಂಡ ಪಟ್ಟಿಯ ಪ್ರತಿಯೊಂದು ಸಾಲೂ ಒಂದು ಲಕ್ಷಣವೇ ಆದ್ದರಿಂದ ಲಕ್ಷಣಕ್ಕೆ ಹೇಳಿದ ಮೂರು ದೋಷಗಳು ಅದಕ್ಕೂ ಅನ್ವಯಿಸುತ್ತವೆ. ಹೇಳಬೇಕಾದ ಎಲ್ಲ ಕಡೆಗೂ ವ್ಯಾಪಿಸದಿದ್ದರೆ ಅವ್ಯಾಪ್ತಿ. ಪ್ರತಿಯೊಂದು ವರದಿಯಲ್ಲಿಯೂ ನಕ್ಷೆಯಿರಲೇಬೇಕೆಂಬ ಸಾಲು ಬಣ್ಣದ ಬದಲಾವಣೆಯನ್ನು ಮಾತ್ರ ನೋಡುವ ಪ್ರಯೋಗವನ್ನು ಅನ್ಯಾಯವಾಗಿ ಹೊರಗಿಡುತ್ತದೆ. ಎಲ್ಲಿಯೂ ಹೊಂದದಿದ್ದರೆ ಅಸಂಭವ. ಶಾಲೆಯಲ್ಲಿ ಇಲ್ಲದ ಉಪಕರಣದ ನಿಖರತೆಯನ್ನು ಕೇಳುವ ಸಾಲು ಅಂಥದ್ದು, ಮತ್ತು ಎರವಲು ಪಟ್ಟಿಗಳಲ್ಲಿ ಇದು ಅಪರೂಪವೇನಲ್ಲ. ಬೇಡದ ಕಡೆಗೂ ಹರಡಿದರೆ ಅತಿವ್ಯಾಪ್ತಿ, ಮತ್ತು ಶಾಲೆಗಳಲ್ಲಿ ಅತ್ಯಂತ ಹಾನಿಕರವಾದದ್ದು ಇದೇ. ರೆಕಾರ್ಡ್ ಪುಸ್ತಕದ ಅಚ್ಚುಕಟ್ಟು, ಅಂಚಿನ ಗೆರೆ, ಬಣ್ಣದ ಶೀರ್ಷಿಕೆ ಇವುಗಳಿಗೆ ಕೊಡುವ ಅಂಕವು ಹಿಂದಿನ ವರ್ಷದ ರೆಕಾರ್ಡನ್ನು ನೋಡಿ ನಕಲು ಮಾಡಿದ ವರದಿಗೂ ತಪ್ಪದೆ ಸಲ್ಲುತ್ತದೆ.

ಸಿಂಹನಗದ್ದೆಯ ಪರಂಪರೆಗೆ ಸೇರಿದ ದಿಗಂಬರ ಜೈನ ಸಾಹಿತ್ಯದಲ್ಲಿ ಈ ಮೂರನೆಯ ದೋಷದ ಅತ್ಯಂತ ನಿರ್ಭಯವಾದ ನಿರೂಪಣೆಯೊಂದಿದೆ. ಸಮಂತಭದ್ರಾಚಾರ್ಯರ ಆಪ್ತಮೀಮಾಂಸೆಯು, ನಂಬತಕ್ಕ ಉಪದೇಶಕನು ಯಾರು ಎಂಬ ಪ್ರಶ್ನೆಯನ್ನು ಎತ್ತಿಕೊಂಡು, ದೇವತೆಗಳು ಬಂದು ಸೇವಿಸುವುದು, ಆಕಾಶಗಮನ, ಚಾಮರಗಳ ವೈಭವ ಇವೆಲ್ಲ ಮಾಯಾವಿಗಳಲ್ಲಿಯೂ ಕಾಣುವುದರಿಂದ ತೀರ್ಥಂಕರನ ಹಿರಿಮೆಗೂ ಅವು ಲಕ್ಷಣವಾಗಲಾರವು ಎಂಬ ವಾದದಿಂದಲೇ ಆರಂಭವಾಗುತ್ತದೆ. ದೋಷರಾಹಿತ್ಯ ಮತ್ತು ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ಮಾತು, ಇವೇ ಅಲ್ಲಿ ಉಳಿಯುವ ಲಕ್ಷಣಗಳು. ತಾನು ಪೂಜಿಸುವ ಪರಮಗುರುವಿನ ಎದುರಿನಲ್ಲಿಯೂ ಅಳತೆಗೋಲಿನ ಅತಿವ್ಯಾಪ್ತಿಯನ್ನು ಸಹಿಸದ ಈ ನಿಷ್ಠುರತೆಯ ಮುಂದೆ, ಅಂದವಾದ ಬರವಣಿಗೆಗೆ ಎರಡು ಅಂಕ ಎಂಬ ಸಾಲು ಬಹಳ ದುರ್ಬಲವಾಗಿ ಕಾಣುತ್ತದೆ. ಜೈನರ ಇನ್ನೊಂದು ಸಿದ್ಧಾಂತವಾದ ಅನೇಕಾಂತವೂ ಇಲ್ಲಿ ಬೇಕಾಗುತ್ತದೆ. ವಸ್ತುವು ಅನೇಕ ಧರ್ಮಗಳುಳ್ಳದ್ದು. ಅದರ ಒಂದು ಧರ್ಮವನ್ನು ಹಿಡಿದು ನೋಡುವ ದೃಷ್ಟಿ ನಯ. ಉಳಿದ ಧರ್ಮಗಳನ್ನು ನಿರಾಕರಿಸಿ ಅದೊಂದನ್ನೇ ಪೂರ್ಣಸತ್ಯವೆಂದು ಹಿಡಿದರೆ ಅದು ದುರ್ನಯ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ನಯ. ಐದು ಸಾಲುಗಳ ಅಂಕಗಳನ್ನು ಕೂಡಿಸಿ ಬಂದ ಮೊತ್ತವನ್ನು ವರದಿಯ ಯೋಗ್ಯತೆಯೆಂದು ಕರೆಯುವಾಗ ಆ ನಯಗಳು ಪರಸ್ಪರ ಕೂಡಿಸಬಹುದಾದವು ಎಂಬ ಊಹೆಯೊಂದು ನುಸುಳುತ್ತದೆ, ಅದಕ್ಕೆ ಆಧಾರವಿಲ್ಲ. ಹೋಲಿಕೆಯ ಪ್ರಯೋಗವೇ ಇಲ್ಲದ ವರದಿಯ ಕೊರತೆಯನ್ನು ನಿರ್ದೋಷವಾದ ಚಿತ್ರವು ತುಂಬಲಾರದು. ಆಸ್ಟ್ರೇಲಿಯದ ಶಿಕ್ಷಣತಜ್ಞ ರಾಯ್ಸ್ ಸ್ಯಾಡ್ಲರ್ 1989ರಲ್ಲಿ, ಕಲಿಯುವವನು ಗುಣಮಟ್ಟದ ಕಲ್ಪನೆಯನ್ನು ತಾನೇ ಪಡೆದು, ತನ್ನ ಕೆಲಸವನ್ನು ಅದರೊಡನೆ ಹೋಲಿಸಿ, ನಡುವಿನ ಅಂತರವನ್ನು ಮುಚ್ಚುವ ಕ್ರಿಯೆಯಲ್ಲಿ ತೊಡಗಿದರೆ ಮಾತ್ರ ಸುಧಾರಣೆ ಸಾಧ್ಯವೆಂದು ವಾದಿಸಿದರು. ಅವರೇ ಮುಂದೆ, ಮೊದಲೇ ನಿಗದಿ ಮಾಡಿದ ಮಾನದಂಡಗಳನ್ನು ಒಂದೊಂದಾಗಿ ಅನ್ವಯಿಸಿ ಕೂಡಿಸುವ ಪದ್ಧತಿಯು ಕೃತಿಯ ಸಮಗ್ರ ಯೋಗ್ಯತೆಯನ್ನು ಹಿಡಿಯಲಾರದೆಂದು ಟೀಕಿಸಿದರು. ಅನೇಕಾಂತವಾದಿಗೆ ಈ ಎರಡು ಮಾತುಗಳಲ್ಲಿ ವಿರೋಧ ಕಾಣುವುದಿಲ್ಲ.

ಈ ಎಲ್ಲಕ್ಕಿಂತ ಆಳವಾದ ಪ್ರಶ್ನೆ ಫಲಿತದ ಸಾಲಿನದು. ಪ್ರಾಯೋಗಿಕ ಪರೀಕ್ಷೆಗಳಲ್ಲಿ ಬರಬೇಕಾದ ಉತ್ತರ ಮೊದಲೇ ಗೊತ್ತಿರುತ್ತದೆ, ಅದಕ್ಕೆ ಸಮೀಪವಾದ ಫಲಿತಕ್ಕೆ ಅಂಕವಿರುತ್ತದೆ, ಆದುದರಿಂದ ಅಳತೆಗಳನ್ನು ಉತ್ತರದಿಂದ ಹಿಂದಕ್ಕೆ ಲೆಕ್ಕಹಾಕಿ ತುಂಬುವ ಅಭ್ಯಾಸ ಹುಟ್ಟುತ್ತದೆ. ಇದನ್ನು ವಿದ್ಯಾರ್ಥಿಯ ನೈತಿಕ ದೌರ್ಬಲ್ಯವೆಂದು ನಿಂದಿಸುವುದು ಸುಲಭ. ಆದರೆ ದೋಷವು ಪಟ್ಟಿಯಲ್ಲಿಯೇ ಇದೆಯೆಂದು ತೋರಿಸಲು ಶಂಕರಾಚಾರ್ಯರ ಬ್ರಹ್ಮಸೂತ್ರಭಾಷ್ಯದ ಒಂದು ವಿಭಾಗವು ಸಾಕು. ಕರ್ಮವು ಪುರುಷತಂತ್ರ, ಅಂದರೆ ಮಾಡುವವನ ಅಧೀನ; ಅದನ್ನು ಮಾಡಬಹುದು, ಬಿಡಬಹುದು, ಬೇರೊಂದು ರೀತಿಯಲ್ಲಿಯೂ ಮಾಡಬಹುದು. ಜ್ಞಾನವು ವಸ್ತುತಂತ್ರ, ಅಂದರೆ ತಿಳಿಯಲ್ಪಡುವ ವಸ್ತುವಿನ ಅಧೀನ. ಎದುರಿಗಿರುವ ಕಂಬವನ್ನು ಕಂಬವೆಂದೋ ಮನುಷ್ಯನೆಂದೋ ಇಷ್ಟಬಂದಂತೆ ತಿಳಿಯಲು ಬರುವುದಿಲ್ಲ. ವಿಧಿ ಮತ್ತು ನಿಷೇಧಗಳಿಗೆ ಮೊದಲನೆಯದರಲ್ಲಿ ಮಾತ್ರ ಅವಕಾಶ. ಅಲಗನ್ನು ಉಜ್ಜುವುದು, ಅವಧಿಯನ್ನು ಗುರುತಿಸುವುದು, ಹೋಲಿಕೆಯ ಪಾತ್ರೆಗಳನ್ನಿಡುವುದು, ಹೊಂದದ ಅಳತೆಯನ್ನೂ ಮುಚ್ಚಿಡದೆ ಬರೆಯುವುದು, ಇವೆಲ್ಲ ಪುರುಷತಂತ್ರವಾದ್ದರಿಂದ ಇಂತಹದ್ದನ್ನು ಮಾಡಬೇಕೆಂದು ಪಟ್ಟಿಯು ವಿಧಿಸಬಹುದು, ಮಾಡದಿದ್ದರೆ ಅಂಕ ಕಳೆಯಬಹುದು. ಅಲಗು ಕೆಂಪಾಗುವುದು ಬಿಡುವುದು ವಸ್ತುತಂತ್ರ. ಅದಕ್ಕೆ ಅಂಕವಿಟ್ಟರೆ, ಯಾರ ಇಚ್ಛೆಗೂ ಒಳಪಡದ ಸಂಗತಿಯನ್ನು ಇಚ್ಛೆಗೆ ಒಳಪಟ್ಟದ್ದೆಂದು ಪಟ್ಟಿ ಭ್ರಮಿಸಿದಂತೆ. ವಿದ್ಯಾರ್ಥಿಯು ಆ ಭ್ರಮೆಗೆ ತಕ್ಕಂತೆ ವಸ್ತುವನ್ನು ಬಿಟ್ಟು ಅಕ್ಷರವನ್ನು ಬದಲಿಸುತ್ತಾನೆ, ಏಕೆಂದರೆ ಅವನ ಕೈಯಲ್ಲಿರುವುದು ಅದೊಂದೇ. ಸತ್ಯವನ್ನು ಅಣುವ್ರತಗಳಲ್ಲಿ ಒಂದಾಗಿ ಎಣಿಸಿದ ಜೈನಗೃಹಸ್ಥಧರ್ಮವಾಗಲಿ, ವಿದ್ಯೆ ಮುಗಿಸಿ ಹೊರಡುವ ಶಿಷ್ಯನಿಗೆ ಸತ್ಯವನ್ನೇ ಮೊದಲ ಉಪದೇಶವಾಗಿ ಕೊಡುವ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಾಗಲಿ, ಸುಳ್ಳಿಗೆ ಬಹುಮಾನವಿಡುವ ಕೋಷ್ಟಕದೊಡನೆ ಒಂದೇ ಶಾಲೆಯಲ್ಲಿ ಸಹಬಾಳ್ವೆ ನಡೆಸುವುದು ಕಷ್ಟ. ಅದೇ ಶಿಕ್ಷಾವಲ್ಲಿಯ ಆಚಾರ್ಯನು, ತನ್ನ ನಡತೆಯಲ್ಲಿಯೂ ಒಳ್ಳೆಯದನ್ನು ಮಾತ್ರ ಅನುಸರಿಸಬೇಕು, ಉಳಿದದ್ದನ್ನಲ್ಲ ಎಂದು ಶಿಷ್ಯನಿಗೆ ಹೇಳುತ್ತಾನೆ. ಅಳೆಯುವವನೂ ಅಳತೆಗೆ ಒಳಪಟ್ಟವನೆಂಬ ಈ ಅಂಗೀಕಾರವು ಪಟ್ಟಿಯನ್ನು ವಿದ್ಯಾರ್ಥಿಗಳೊಡನೆ ಕುಳಿತು ರಚಿಸಲು ಹಿಂಜರಿಯುವ ಅಧ್ಯಾಪಕರಿಗೆ ತಕ್ಕ ಉತ್ತರ.

ಅಳತೆಯು ತೀರ್ಪನ್ನು ಕೊಟ್ಟೂ ಕಲಿಸದೆ ಹೋಗುವ ಬಗೆಯೂ ಶೃಂಗೇರಿಯ ಸಂಪ್ರದಾಯಕ್ಕೆ ಅಪರಿಚಿತವಲ್ಲ. ಶಂಕರಾಚಾರ್ಯರಿಗೂ ಮಂಡನಮಿಶ್ರನಿಗೂ ನಡೆದ ವಾದದಲ್ಲಿ ನಿರ್ಣಾಯಕಿಯಾದ ಉಭಯಭಾರತಿಯು ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುತ್ತದೆಯೋ ಅವರು ಸೋತರೆಂದು ನಿಶ್ಚಯಿಸಿದಳೆಂಬುದು ಮಾಧವೀಯ ಶಂಕರವಿಜಯದ ಕಥೆ. ಸೋತ ಮಂಡನನೇ ಸುರೇಶ್ವರರಾಗಿ ಶೃಂಗೇರಿಯ ಪೀಠವನ್ನು ಅಲಂಕರಿಸಿದರೆಂದು ಸಂಪ್ರದಾಯ ಹೇಳಿದರೆ, ಇಬ್ಬರೂ ಒಬ್ಬರೇ ಎಂಬುದನ್ನು ಮೈಸೂರಿನ ಎಂ. ಹಿರಿಯಣ್ಣನವರಂಥ ವಿದ್ವಾಂಸರು ಪ್ರಶ್ನಿಸಿದ್ದಾರೆ. ಕಥೆಯ ಐತಿಹಾಸಿಕತೆ ಹಾಗಿರಲಿ. ಬಾಡಿದ ಮಾಲೆಯು ಸೋತವನಿಗೆ ಅವನ ವಾದ ಎಲ್ಲಿ ಮುರಿಯಿತೆಂಬುದನ್ನು ತಿಳಿಸುವುದಿಲ್ಲ, ಅದನ್ನು ತಿಳಿಸಿದ್ದು ಎದುರಾಳಿಯ ಯುಕ್ತಿಗಳು. ವರದಿಯ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದ ಹತ್ತರಲ್ಲಿ ಆರು ಎಂಬ ಅಂಕವೂ ಅಷ್ಟೇ ಮೂಕವಾದದ್ದು.

ವಾಕ್ಯಾರ್ಥ ಸಭೆಯ ಕ್ರಮದಿಂದ ಎರವಲು ಪಡೆದು ಮಾನದಂಡ ಪಟ್ಟಿಗೆ ಸೇರಿಸಬಹುದಾದ ಸಾಲೊಂದು ಇದ್ದರೆ ಅದು ಪೂರ್ವಪಕ್ಷದ್ದು. ತನ್ನ ಸಿದ್ಧಾಂತವನ್ನು ಹೇಳುವ ಮೊದಲು ಎದುರಾಳಿಯ ಆಕ್ಷೇಪವನ್ನು ಅವನೇ ಒಪ್ಪುವಷ್ಟು ಬಲವಾಗಿ ಮಂಡಿಸಬೇಕೆಂಬುದು ಶಾಸ್ತ್ರಚರ್ಚೆಯ ನಿಯಮ, ಮತ್ತು ಈ ನಿಯಮವು ತರ್ಕದ ಕೌಶಲವನ್ನಷ್ಟೇ ಅಲ್ಲದೆ ಒಂದು ಬಗೆಯ ವಿನಯವನ್ನೂ ಬೇಡುತ್ತದೆ. ಪ್ರಚಲಿತ ವರದಿಗಳಲ್ಲಿ ಮುನ್ನೆಚ್ಚರಿಕೆಗಳು ಎಂಬ ಶೀರ್ಷಿಕೆಯಡಿ ಬರುವ ಸಿದ್ಧ ವಾಕ್ಯಗಳು ಈ ಸ್ಥಾನವನ್ನು ಆಕ್ರಮಿಸಿಕೊಂಡಿವೆ. ಉಪಕರಣಗಳನ್ನು ಸ್ವಚ್ಛವಾಗಿಡಬೇಕು ಎಂಬ ವಾಕ್ಯವು ಯಾವ ಪ್ರಯೋಗಕ್ಕೂ ಹೊಂದುವುದರಿಂದ ಯಾವ ಪ್ರಯೋಗದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಅದರ ಬದಲು, ಈ ವರದಿಯ ತೀರ್ಮಾನವನ್ನು ಒಪ್ಪದವನು ಏನು ಹೇಳಬಹುದು, ಅವನ ಮಾತನ್ನು ಯಾವ ಪ್ರಯೋಗದಿಂದ ತೀರ್ಮಾನಿಸಬಹುದು ಎಂದು ಕೇಳುವ ಸಾಲಿದ್ದರೆ, ಚಾಕುವಿನ ವರದಿಯನ್ನು ಬರೆದ ವಿದ್ಯಾರ್ಥಿಗೆ ಹಳೆಯ ಸುಣ್ಣದ ಸಂಶಯವು ತಾನಾಗಿಯೇ ಎದುರಾಗುತ್ತದೆ. ಆ ಸಂಶಯವನ್ನು ಬರೆದದ್ದಕ್ಕೆ ಅಂಕ ಸಿಗಬೇಕು, ಅದು ಪರಿಹಾರವಾಗದೆ ಉಳಿದರೂ ಸಹ. ಕೊಪ್ಪದ ಕಡೆಯ ತೋಟಗಳಲ್ಲಿ ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಹೊತ್ತಿಗೆ, ಎರಡನೆಯದು ಸುಮಾರು 40ರಿಂದ 45 ದಿನಗಳ ಬಳಿಕ ನಡೆಯುವುದರಿಂದ, ಮೊದಲ ಸಲ ಬರೆದ ಆಕ್ಷೇಪವನ್ನು ಎರಡನೆಯ ಸಲ, ಆಗತಾನೆ ಅರಳಿಸಿದ ಸುಣ್ಣ ಮತ್ತು ತಿಂಗಳುಗಟ್ಟಲೆ ತೆರೆದಿಟ್ಟ ಸುಣ್ಣ ಇವೆರಡನ್ನೂ ಸಮತೂಕದಲ್ಲಿ ತೆಗೆದುಕೊಂಡು, ಅದೇ ಅಲಗು, ಅದೇ ಅವಧಿಯಲ್ಲಿ ಪರೀಕ್ಷಿಸಲು ಶಾಲೆಯ ವೇಳಾಪಟ್ಟಿಯೊಳಗೇ ಅವಕಾಶವಿದೆ.